ಐಸಿನವನ ಕಾಲು

ಬ್ರೇಕು ಹಿಡಿಯಲಿಲ್ಲ. ಐಸಿನವನು ಹೇಳಿದ್ದು ಇಷ್ಟೇ. ಆಸ್ಪತ್ರೆಯಲ್ಲಿ ಹೇಳಿದ. ಠಾಣೆಯಲ್ಲಿ ಹೇಳಿದ. ಶೋರೂಮಿನ ಗಾಜಿನ ಬಾಗಿಲ ಹೊರಗೆ ನಿಂತು ಹೇಳಿದ. ಕೇಳಿದವರೆಲ್ಲ ತಲೆ ಆಡಿಸಿದರು. ಯಾರೂ ಆ ಮಾತನ್ನು ತಮ್ಮ ಬಾಯಿಂದ ತಿರುಗಿ ಹೇಳಲಿಲ್ಲ.

ಅವನಿಗೆ ಬೇಕಾಗಿದ್ದೂ ಅಷ್ಟೇ. ಗಾಡಿ ಮಾರಿದವರು ಒಂದೇ ಒಂದು ಸಲ ಬಾಯಿ ಬಿಟ್ಟು ಹೇಳಬೇಕು, ಬ್ರೇಕು ಹೋಗಿತ್ತು ಅಂತ. ಅದನ್ನು ಅವನ ಹೆಂಡತಿ ಕೇಳಿಸಿಕೊಳ್ಳಬೇಕು. ಹೆಂಡತಿಯ ತಮ್ಮ ಕೇಳಿಸಿಕೊಳ್ಳಬೇಕು. ಇಲ್ಲದಿದ್ದರೆ ಹೆಂಡತಿಯ ಹೋದ ಕೈ ಅವನ ತಲೆಯ ಮೇಲೇ ಕೂತಿರುತ್ತದೆ. ಸಾಯುವ ತನಕ ಇಳಿಯುವುದಿಲ್ಲ.

ಐಸ್ ಫ್ಯಾಕ್ಟರಿಯಿಂದ ಮೀನಿನ ಮಾರುಕಟ್ಟೆಗೆ ಉದ್ದಕ್ಕೂ ಇಳಿಜಾರು. ಆ ಇಳಿಜಾರಿನಲ್ಲಿ ಅವನು ಮೊದಲು ತಳ್ಳುಗಾಡಿ ತಳ್ಳಿದ. ಆಮೇಲೆ ಸೈಕಲ್ಲಿಗೆ ಕಟ್ಟಿ ಒಯ್ದ. ಮುದುಕನಾಗುವ ಹೊತ್ತಿಗೆ ಮೋಟರ್ ಸೈಕಲ್ಲು ಬಂತು. ಹಿಂದೆ ಅಡ್ಡಕ್ಕೆ ಹಲಗೆ. ಹಲಗೆಯ ಮೇಲೆ ಗೋಣಿ ಸುತ್ತಿದ ಐಸಿನ ಗಡ್ಡೆ. ಗಡ್ಡೆಗೂ ಅವನಿಗೂ ನಡುವೆ ಹೆಂಡತಿ. ಅವಳು ಒಂದು ಕೈ ಹಿಂದಕ್ಕೆ ಚಾಚಿ, ಗಡ್ಡೆ ಮುಂದಕ್ಕೆ ಜಾರದ ಹಾಗೆ ಒತ್ತಿ ಹಿಡಿದಿರುತ್ತಿದ್ದಳು. ಹಗ್ಗ ಇತ್ತು. ಆದರೆ ಹಗ್ಗಕ್ಕಿಂತ ಅವಳ ಕೈಯನ್ನೇ ಅವನು ನಂಬಿದ್ದ. ಮಾರುಕಟ್ಟೆಯಲ್ಲಿ ಇಳಿದ ಮೇಲೆ ಗಡ್ಡೆ ಒಡೆಯುವವಳೂ ಅವಳೇ. ಚೂಪುಗಬ್ಬಿಣ ಇಟ್ಟು ಸುತ್ತಿಗೆಯಲ್ಲಿ ಒಂದು ಏಟು. ಗಡ್ಡೆ ಗೆರೆ ಎಳೆದ ಹಾಗೆ ಸೀಳುತ್ತಿತ್ತು. ಮೀನಿನವರು ಅವಳ ಏಟು ನೋಡುವುದಕ್ಕೇ ನಿಲ್ಲುತ್ತಿದ್ದರು.

ಅವತ್ತು ಬೆಳಿಗ್ಗೆ ಇಳಿಜಾರಿನ ಕೆಳಗೆ ಬುಟ್ಟಿ ಹೊತ್ತ ಹೆಂಗಸರು ದಾರಿ ದಾಟುತ್ತಿದ್ದರು. ಅವನು ಕಾಲಿನ ಬ್ರೇಕು ಒತ್ತಿದ. ಗಾಡಿ ನಿಲ್ಲಲಿಲ್ಲ. ಮತ್ತೆ ಒತ್ತಿದ. ನಿಲ್ಲಲಿಲ್ಲ. ಕೈ ಬ್ರೇಕು ಹಿಡಿದ. ಮುಂದಿನ ಗಾಲಿ ಹಿಡಿದ ಹಾಗೆ ಮಾಡಿ ಜಾರಿತು. ಹೆಂಗಸರೋ ಗೋಡೆಯೋ ಅಂತ ನೋಡಿದ. ಗೋಡೆಗೆ ತಿರುಗಿಸಿದ.

ಗಾಡಿ ನಿಂತಿತು. ಐಸು ನಿಲ್ಲಲಿಲ್ಲ. ಹಗ್ಗ ಹರಿದುಕೊಂಡು ಮುಂದಕ್ಕೆ ಬಂತು. ಹೆಂಡತಿಯ ಕೈ ಗಡ್ಡೆಗೂ ಕ್ಯಾರಿಯರಿನ ಕಬ್ಬಿಣಕ್ಕೂ ನಡುವೆ ಸಿಕ್ಕಿತು. ಬಲಗೈ. ಡಾಕ್ಟರು ಹೆಬ್ಬೆರಳೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ತೆಗೆದರು.

ಗಾಡಿಗೆ ಇನ್ನೂ ವಾರಂಟಿ ಇತ್ತು. ಕೊಳ್ಳುವ ದಿನ ಶೋರೂಮಿನ ಮ್ಯಾನೇಜರು ಬಾಗಿಲಿಗೇ ಬಂದು ಕರೆದುಕೊಂಡಿದ್ದ. "ಬನ್ನಿ ಯಜಮಾನ್ರೇ, ಕೂತ್ಕೊಳ್ಳಿ ಯಜಮಾನ್ರೇ" ಅಂದಿದ್ದ. "ಕಾಲಲ್ಲಿ ಒತ್ತಿದ್ರೆ ಸಾಕು. ಹಿಂದಿನ ಗಾಲಿ, ಮುಂದಿನ ಗಾಲಿ, ಎರಡೂ ಒಟ್ಟಿಗೆ ಹಿಡಿಯುತ್ತೆ. ಬೆಟ್ಟ ಹೇರ್ಕೊಂಡು ಇಳೀರಿ ಬೇಕಾದ್ರೆ" ಅಂದಿದ್ದ. ಆಮೇಲೆ ಒಬ್ಬ ಕ್ಯಾಮೆರಾದವನನ್ನು ಕರೆದುಕೊಂಡು ಮಾರುಕಟ್ಟೆಗೇ ಬಂದ. ಐಸು ಹೇರಿದ ಗಾಡಿಯ ಮೇಲೆ ಅವನನ್ನು ಕೂರಿಸಿ ಫೋಟೋ ತೆಗೆಸಿದ. ಹೆಂಡತಿಯನ್ನು ಪಕ್ಕಕ್ಕೆ ಸರಿಸಿದರು. ಚಪ್ಪಲಿ ಹಾಕಿಕೊಳ್ಳಲಾ ಅಂತ ಐಸಿನವನು ಕೇಳಿದ. ಬೇಡ ಬೇಡ, ಬರಿಗಾಲೇ ಚೆಂದ ಅಂದರು. ಆ ಫೋಟೋ ಈಗ ಶೋರೂಮಿನ ಒಳಗೋಡೆಯ ಮೇಲೆ ಬಾಗಿಲಿನಷ್ಟು ದೊಡ್ಡದಾಗಿದೆ. ಕೆಳಗೆ ಏನೋ ಬರೆದಿದೆ. ಅವನಿಗೆ ಓದುವುದಕ್ಕೆ ಬರುವುದಿಲ್ಲ. ಹೊರಗಿನ ಕಾವಲಿನವನು ಓದಿ ಹೇಳಿದ: "ಹೊರೆ ನಿಮ್ಮದು, ಭರವಸೆ ನಮ್ಮದು."

ಐಸಿನವರು ಬರಿಗಾಲಲ್ಲೇ ಗಾಡಿ ಓಡಿಸುವುದು. ಐಸು ಕರಗಿ ಮೈಯೆಲ್ಲ ನೀರು. ಒದ್ದೆ ಚಪ್ಪಲಿ ಪೆಡಲಿನ ಮೇಲೆ ಜಾರುತ್ತದೆ. ಬರಿಗಾಲು ಅಂಟಿಕೊಳ್ಳುತ್ತದೆ. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಜಾರಿ ಬಿದ್ದವರನ್ನು ನೋಡಿ ಉಳಿದವರು ಕಲಿತದ್ದು.

ಗಾಡಿಯನ್ನು ಶೋರೂಮಿನವರು ಹಿಂದಿನ ಶೆಡ್ಡಿಗೆ ಎಳೆಸಿಕೊಂಡರು. ಇವನು ದಿನಾ ಹೋಗಿ ಹೊರಗೆ ನಿಂತ. ಈಗ ಅದೇ ಮ್ಯಾನೇಜರಿಗೆ ಇವನು ಯಜಮಾನ ಅಲ್ಲ. "ಏಯ್, ಅಲ್ಲಿ ನಿಲ್ಲಬೇಡ, ಕಸ್ಟಮರ್ ಬರೋ ದಾರಿ ಅದು" ಅಂದ. "ಕಂಪನಿಯಿಂದ ಇಂಜಿನಿಯರ್ ಬರಬೇಕು. ಅವರು ಹೇಳಿದ್ದೇ ಕೊನೆ."

ಇಂಜಿನಿಯರು ಬಂದ. ಒಳ್ಳೆಯ ಮಾತಿನವನು. ಐಸಿನವನನ್ನು ಒಳಗೆ ಕರೆಸಿ ಕುರ್ಚಿ ಹಾಕಿಸಿದ. ಚಹಾ ತರಿಸಿದ. ಹೆಂಡತಿಯ ಕೈ ಹೇಗಿದೆ ಅಂತ ಕೇಳಿದ. ಅಷ್ಟು ದಿನದಲ್ಲಿ ಆ ಮಾತು ಕೇಳಿದವನು ಅವನೊಬ್ಬನೇ.

"ಬರಿಗಾಲಲ್ಲಿ ಓಡಿಸ್ತೀರಾ? ಚಳಿ ಆಗಲ್ವಾ?" ಅಂದ ಇಂಜಿನಿಯರು.

"ಚಳಿ ಎಲ್ಲಿ ಬಂತು ಸರ್!" ಅಂದ ಐಸಿನವನು. ಚಹಾ ಒಳಗೆ ಹೋಗಿ ಮೈ ಬಿಸಿಯಾಗಿತ್ತು. "ಹುಡುಗನಾಗಿದ್ದಾಗಿಂದ ಐಸಿನ ತೊಟ್ಟೀಲಿ ನಿಂತು ಗಡ್ಡೆ ಎಳೆದಿದ್ದು ಇದೇ ಕಾಲು. ನಮ್ಮ ಮಾರ್ಕೆಟ್ಟಲ್ಲಿ ಒಂದು ತಮಾಷೆ ಇದೆ ಸರ್. ನನ್ನ ಕಾಲಿಗೆ ಚೇಳು ಕಚ್ಚಿದ್ರೆ ಚೇಳಿಗೇ ಜ್ವರ ಬರುತ್ತೆ ಅಂತ."

ಇಂಜಿನಿಯರು ನಕ್ಕ. ಇವನೂ ನಕ್ಕ. ಎದುರಿಗೆ ಕೂತವನು ನಕ್ಕರೆ ಇನ್ನೊಂದು ಹೇಳೋಣ ಅನ್ನಿಸುತ್ತದಲ್ಲ, ಹಾಗೆ ಇನ್ನೊಂದು ಹೇಳಿದ.

"ಒಂದು ಸಲ ಅಂಗಾಲಿಗೆ ಮೊಳೆ ಹೊಕ್ಕಿತ್ತು ಸರ್. ಇಷ್ಟುದ್ದ. ದಿನವಿಡೀ ಅದನ್ನ ಕಟ್ಕೊಂಡೇ ಓಡಾಡಿದೀನಿ. ಮನೆಗೆ ಹೋದ ಮೇಲೆ ನಮ್ಮವಳು, ನೆಲದ ಮೇಲೆ ರಕ್ತ ಯಾರದು ಅಂತ ಕೇಳಿದ್ಳು. ಆಗ ನೋಡ್ಕೊಂಡೆ!"

ಈ ಕಥೆಗೆ ಮಾರುಕಟ್ಟೆಯಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಇಂಜಿನಿಯರು ನಗಲಿಲ್ಲ. ಮ್ಯಾನೇಜರಿನ ಮುಖ ನೋಡಿದ. ಮ್ಯಾನೇಜರು ಇಂಜಿನಿಯರಿನ ಮುಖ ನೋಡಿದ. ಐಸಿನವನು ಲೋಟ ಕೆಳಗಿಟ್ಟ.

"ಸ್ವಲ್ಪ ಕಣ್ಣು ಮುಚ್ಚಿ" ಅಂದ ಇಂಜಿನಿಯರು.

"ಯಾಕೆ ಸರ್?"

"ಮುಚ್ಚಿ. ಕಾಲು ಈ ಕುರ್ಚಿ ಮೇಲಿಡಿ. ನಾನು ಪೆನ್ನಲ್ಲಿ ಮುಟ್ತೀನಿ. ಮುಟ್ಟಿದಾಗ ಹೇಳಿ."

ಕುರ್ಚಿ ಬಿಳಿಯದು. ಅವನ ಅಂಗಾಲು ಒಡೆದು ಕಪ್ಪಗಿತ್ತು. ಮ್ಯಾನೇಜರು ಕುರ್ಚಿಯ ಮೇಲೆ ಒಂದು ಹಳೇ ಪೇಪರ್ ಹಾಸಿದ. ಐಸಿನವನು ಅದರ ಮೇಲೆ ಕಾಲಿಟ್ಟ. ಗಾಡಿ ಕೊಳ್ಳಲು ಬಂದಿದ್ದ ಗಂಡಹೆಂಡತಿ ಇಬ್ಬರು ಅತ್ತ ನೋಡುತ್ತ ನಿಂತರು. ಐಸಿನವನು ಕಣ್ಣು ಮುಚ್ಚಿದ. ಕಿವಿ ತೆರೆದ. ಬಟ್ಟೆ ಸರಿದ ಸದ್ದಿಗೆ "ಈಗ" ಅಂದ. ಉಸಿರಿನ ಸದ್ದಿಗೆ "ಈಗ" ಅಂದ. ಆಮೇಲೆ ಏನೂ ಸದ್ದಿಲ್ಲ. ಅವನು ಕಾದ.

ಯಾರೋ ಅಯ್ಯೋ ಅಂದರು. ಹೆಂಗಸಿನ ಸ್ವರ.

ಕಣ್ಣು ಬಿಟ್ಟ. ಪೆನ್ನಿನ ಮೊನೆ ಹೆಬ್ಬೆರಳ ಕೆಳಗೆ ಗುಳಿ ಬೀಳುವ ಹಾಗೆ ಒತ್ತಿಕೊಂಡಿತ್ತು. ಸುತ್ತ ನೀಲಿ ಶಾಯಿ ಹರಡಿತ್ತು. ಎಷ್ಟು ಹೊತ್ತಿಂದ ಒತ್ತಿತ್ತೋ.

"ಅಷ್ಟೇ" ಅಂದ ಇಂಜಿನಿಯರು. ಪೆನ್ನನ್ನು ಒರೆಸಿ ಜೇಬಿಗೆ ಸಿಕ್ಕಿಸಿದ. "ನಿಮ್ಮ ಕಾಲಿಗೆ ಗೊತ್ತಾಗಲ್ಲ. ನೀವು ಬ್ರೇಕ್ ಒತ್ತಿದ್ದೀನಿ ಅಂದ್ಕೊಂಡಿದ್ದೀರಿ. ಒತ್ತಿಲ್ಲ. ಪಕ್ಕದಲ್ಲಿ ಎಲ್ಲೋ ಒತ್ತಿದ್ದೀರಿ."

"ಒತ್ತಿದೀನಿ ಸರ್. ಎರಡು ಸಲ ಒತ್ತಿದೆ."

"ಯಾವ ಕಾಲಲ್ಲಿ? ಈ ಕಾಲಲ್ಲೇ ತಾನೇ?"

ಐಸಿನವನು ತನ್ನ ಕಾಲನ್ನೇ ನೋಡಿದ. ಅದು ಯಾರದೋ ಕಾಲಿನ ಹಾಗೆ ಪೇಪರಿನ ಮೇಲೆ ಕೂತಿತ್ತು.

ಹಿಂದಿನ ಶೆಡ್ಡಿಗೆ ಕರೆದುಕೊಂಡು ಹೋದರು. ಮುಂದಿನ ದೀಪ ಒಡೆದು ಮಡ್ಗಾರ್ಡು ಸೊಟ್ಟಗಾಗಿದ್ದ ಗಾಡಿಯನ್ನು ತೊಳೆದು ನಿಲ್ಲಿಸಿದ್ದರು. ಇಂಜಿನಿಯರು ಹತ್ತಿ ಕೂತು ಅಂಗಳದಲ್ಲಿ ಓಡಿಸಿದ. ಬೂಟುಗಾಲಲ್ಲಿ ಒತ್ತಿದ. ಗಾಡಿ ನಿಂತಿತು. ಮತ್ತೆ ಓಡಿಸಿದ. ಮತ್ತೆ ನಿಂತಿತು.

"ಇದನ್ನ ಬಿಚ್ಚಿದ್ರಾ? ಏನಾದ್ರೂ ಹಾಕಿದ್ರಾ?" ಅಂದ ಐಸಿನವನು.

"ಬರೀ ತೊಳೆದಿದ್ದು" ಅಂದ ಮ್ಯಾನೇಜರು. "ನಮ್ಮ ಮೇಲೇ ಅನುಮಾನಾನಾ? ನೋಡು, ನಿನ್ನ ಒಳ್ಳೇದಕ್ಕೇ ಹೇಳ್ತೀನಿ. ಕಂಪನಿಯವರು ದೊಡ್ಡ ಮನಸ್ಸು ಮಾಡಿದಾರೆ. ಮುರಿದಿದ್ದೆಲ್ಲ ಪುಕ್ಕಟೆ ಕಟ್ಟಿ ಕೊಡ್ತಾರೆ, ಹೊಸ ಗಾಡಿ ಹಾಗೆ. ಬ್ರೇಕು ಸರಿ ಇತ್ತು, ನನ್ನ ಕಾಲಿಗೆ ಸ್ಪರ್ಶ ಇಲ್ಲ, ಅಂತ ಒಂದು ಹೆಬ್ಬೆಟ್ಟು ಒತ್ತು. ಹಿಂದೆ ಕೂತಿದ್ಲಲ್ಲ, ನಿನ್ನ ಹೆಂಡತಿ. ಅವಳದೂ ಒಂದು ಹೆಬ್ಬೆಟ್ಟು ಬೇಕಾಗುತ್ತೆ."

"ಅವಳಿಗೆ ಉಳಿದಿರೋದು ಅದೊಂದೇ" ಅಂದ ಐಸಿನವನು.

ಮ್ಯಾನೇಜರಿಗೆ ಅರ್ಥವಾಗಲಿಲ್ಲ. "ಒಂದೇ ಸಾಕು" ಅಂದ.

ಐಸಿನವನು ಒತ್ತಲಿಲ್ಲ. ಒತ್ತುವುದಿಲ್ಲ ಅಂತಲೂ ಹೇಳಲಿಲ್ಲ. ತಿರುಗಿ ಹೊರಟ. ನಾಳೆ ಮಧ್ಯಾಹ್ನದ ತನಕ ಇಂಜಿನಿಯರ್ ಇರ್ತಾರೆ, ಯೋಚನೆ ಮಾಡ್ಕೊಂಡು ಬಾ ಅಂತ ಮ್ಯಾನೇಜರು ಹಿಂದಿನಿಂದ ಕೂಗಿದ.

ಮನೆ ಅಂದರೆ ಒಂದು ಕೋಣೆ. ಮೂಲೆಯಲ್ಲಿ ಒಲೆ. ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿ ಕೂಸಿನ ಹಾಗೆ ಇಟ್ಟುಕೊಂಡಿದ್ದಳು. ಅವಳ ತಮ್ಮ ಬಂದಿದ್ದ. ಮಾರುಕಟ್ಟೆಯಲ್ಲಿ ಮೀನಿನ ಅಂಗಡಿ ಅವನದು. ಅಕ್ಕನಿಗೆ ಊಟ ತರುವವನೂ ಅವನೇ. ಗೋಡೆಗೆ ಗಾಡಿ ಬಡಿದಾಗ ಮೊದಲು ಓಡಿ ಬಂದವನೂ ಅವನೇ.

"ಏನಂದ್ರು ಭಾವ?" ಅಂದ.

ಐಸಿನವನು ನಡೆದದ್ದನ್ನು ಹೇಳಿದ. ಮೊಳೆಯ ಕಥೆ ತಾನೇ ಹೇಳಿದೆ ಅಂದಾಗ ಮೈದುನ ಹಣೆ ಚಚ್ಚಿಕೊಂಡ.

"ಅದನ್ನ ಅಲ್ಲಿ ಹೋಗಿ ಊದಿದ್ಯಾ? ನಿನಗೆ ಬುದ್ಧಿ ಎಲ್ಲಿದೆ?"

"ನಕ್ಕ. ಅದಕ್ಕೇ ಹೇಳಿದೆ."

"ನಕ್ಕನಂತೆ! ಚಹಾ ಕೊಟ್ರೆ ಕುತ್ತಿಗೇನೂ ಕೊಟ್ಟು ಬರ್ತೀಯ ನೀನು." ಅವನು ಅಕ್ಕನ ಕೈ ನೋಡಿದ. ಸಿಟ್ಟು ಇನ್ನೂ ಏರಿತು. "ಒಂದು ಮಾತು ಕೇಳ್ತೀನಿ ಭಾವ, ಬೇಜಾರು ಮಾಡ್ಕೋಬೇಡ. ಅವರು ಹೇಳೋದು ಸುಳ್ಳು ಅಂತ ನಿನಗೆ ಗೊತ್ತಾ? ಗೊತ್ತಿದ್ರೆ ನನ್ನ ಕಣ್ಣು ನೋಡಿ ಹೇಳು."

ಐಸಿನವನು ಕಣ್ಣೆತ್ತಲಿಲ್ಲ.

"ಅವನು ಒತ್ತಿದ" ಅಂದಳು ಹೆಂಡತಿ. "ನನ್ನ ಮೊಣಕಾಲು ಅವನ ತೊಡೆಗೆ ತಾಗಿತ್ತು. ತೊಡೆ ಕಲ್ಲಾಯ್ತು. ನನಗೆ ಗೊತ್ತಾಯ್ತು."

"ತೊಡೆ ಕಲ್ಲಾದ್ರೆ ಪಾದ ಪೆಡಲ್ ಮೇಲಿತ್ತು ಅಂತಾನಾ ಅಕ್ಕ?"

ತಮ್ಮ ಊಟದ ಡಬ್ಬಿ ಬಿಚ್ಚಿಟ್ಟು ಹೋದ. ಹೆಂಡತಿ ಎಡಗೈಯಲ್ಲಿ ತಿಂದಳು. ಅನ್ನ ತುಟಿಯಿಂದ ಉದುರಿತು. ಉದುರಿದ್ದನ್ನು ಐಸಿನವನು ಹೆಕ್ಕಿದ.

ಮಾರನೆಯ ಬೆಳಿಗ್ಗೆ ಅವನು ಫ್ಯಾಕ್ಟರಿಗೆ ಹೋದ. ಗಾಡಿ ಹೋದ ಮೇಲೆ ಅರ್ಧ ಗಡ್ಡೆಗಳನ್ನು ಬೆನ್ನ ಮೇಲೆ ಹೊತ್ತೇ ಇಳಿಸುತ್ತಿದ್ದ. ಬೆನ್ನಿಗೆ ಗೋಣಿ, ಅದರ ಮೇಲೆ ಐಸು. ನೀರು ಬೆನ್ನಹುರಿಯಲ್ಲಿ ಇಳಿದು ಕಾಲಿನ ತನಕ ಹರಿಯುತ್ತದೆ. ಅವತ್ತು ಹೊತ್ತುಕೊಂಡು ಮಾರುಕಟ್ಟೆಗೆ ತಿರುಗಲಿಲ್ಲ. ಶೋರೂಮಿಗೆ ತಿರುಗಿದ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಬಾಯಲ್ಲೇ ಹೇಳಿಕೊಂಡ. ಆ ಮಾತು ಸರಿಯಾಗಿದೆ ಅನ್ನಿಸಿತು. ಬಹಳ ದಿನದ ಮೇಲೆ ಅವನ ನಡಿಗೆ ಗಟ್ಟಿಯಾಗಿತ್ತು.

ಕಾವಲಿನವನು ತಡೆಯುವ ಮೊದಲೇ ಒಳಗೆ ನುಗ್ಗಿದ. ಹೊಳೆಯುವ ನೆಲದ ಮೇಲೆ, ತನ್ನ ಫೋಟೋದ ಕೆಳಗೆ, ಗಡ್ಡೆ ಇಳಿಸಿದ. ಧಡ್ ಅಂತ ಸದ್ದಾಯಿತು. ಎಲ್ಲರೂ ತಿರುಗಿದರು.

"ಇಂಜಿನಿಯರ್ ಸಾಹೇಬ್ರೇ, ಬೂಟು ಬಿಚ್ಚಿ" ಅಂದ.

"ಏನು?"

"ಬೂಟು ಬಿಚ್ಚಿ ಇದರ ಮೇಲೆ ನಿಂತ್ಕೊಳ್ಳಿ. ನಾನು ಸಾಕು ಅನ್ನೋ ತನಕ. ಆಮೇಲೆ ಕಣ್ಣು ಮುಚ್ಚಿ. ಪೆನ್ನು ನಾನು ಹಿಡೀತೀನಿ."

ಮ್ಯಾನೇಜರು ಓಡಿ ಬಂದ. "ಏಯ್, ಎತ್ತು ಇದನ್ನ! ಇದೇನು ಮೀನಿನ ಮಾರ್ಕೆಟ್ಟಾ?"

"ಮಾರ್ಕೆಟ್ಟಿಗೆ ಬಂದು ಫೋಟೋ ತೆಗೆದೋರು ಯಾರು? ಆವಾಗ ಈ ಕಾಲು ಚೆಂದ ಕಾಣ್ತು. ಬರಿಗಾಲೇ ಇರಲಿ ಅಂದ್ರಿ. ಇದನ್ನ ತೋರಿಸಿ ಎಷ್ಟು ಗಾಡಿ ಮಾರಿದ್ರಿ? ಈಗ ಅದೇ ಕಾಲು ಕೆಟ್ಟೋಯ್ತಾ?" ಅವನು ಫೋಟೋದ ಕಡೆ ಕೈ ಮಾಡಿದ. "ನನ್ನ ಕಾಲು ಸತ್ತಿದೆ. ಹೌದು, ಸತ್ತಿದೆ. ಅದಕ್ಕೆ ಯಾರೂ ನನಗೆ ವಾರಂಟಿ ಕೊಟ್ಟಿರಲಿಲ್ಲ. ಬ್ರೇಕಿಗೆ ಕೊಟ್ಟಿದ್ರಿ. ಬ್ರೇಕಿನ ಮಾತಾಡಿ."

ಇಂಜಿನಿಯರು ಬೂಟು ಬಿಚ್ಚಲಿಲ್ಲ.

"ಆಗಲ್ವಾ? ಹಾಗಾದ್ರೆ ನಾನೇ ನಿಲ್ತೀನಿ" ಅಂದ ಐಸಿನವನು. ಗೋಣಿ ಕಿತ್ತು ಬಿಸಾಕಿದ. ಗಡ್ಡೆಯ ಮೇಲೆ ಹತ್ತಿ ನಿಂತ. ಮೇಲೆ ಫೋಟೋದಲ್ಲಿ ಅವನೇ, ಕೆಳಗೂ ಅವನೇ. ಗಾಡಿ ನೋಡಲು ಬಂದವರು ಫೋನು ಎತ್ತಿ ಹಿಡಿದರು. "ನಿಮ್ಮ ಕಂಪನಿ ಬಾಯಿ ಬಿಡೋ ತನಕ ಇಳಿಯಲ್ಲ. ಬ್ರೇಕು ಹೋಗಿತ್ತು ಅನ್ನಿ. ಅಷ್ಟು ಅನ್ನಿ, ಇಳೀತೀನಿ."

ಅವನು ನಿಂತ. ಅಲುಗಾಡದೆ ನಿಂತ. ಎದೆ ಮುಂದೆ ಮಾಡಿ ನಿಂತ. ಅವನ ಜೀವಮಾನದಲ್ಲಿ ಅಷ್ಟು ಜನ ಅವನ ಮಾತಿಗೆ ಕಾದದ್ದಿಲ್ಲ.

ಇಂಜಿನಿಯರು ಮೆಲ್ಲಗೆ ಪಕ್ಕದವರಿಗೆ ಹೇಳಿದ. ಸಿಟ್ಟೇ ಇಲ್ಲದ ಸ್ವರ. "ನೋಡಿ. ನಾವಾದ್ರೆ ಇಷ್ಟು ಹೊತ್ತಿಗೆ ಕುಣೀತಿದ್ವಿ. ಇವನಿಗೆ ಏನಾದ್ರೂ ಆಗ್ತಿದೆಯಾ? ಪಾಪ, ಗೊತ್ತೇ ಆಗಲ್ಲ. ವಿಡಿಯೋ ಮಾಡಿದೋರು ದಯವಿಟ್ಟು ನನಗೊಂದು ಕಳಿಸಿ."

ಜನ ತಲೆ ಆಡಿಸಿದರು. ಹೌದಲ್ವಾ ಅಂದರು ಯಾರೋ.

ಐಸಿನವನಿಗೆ ಆಗ ತಿಳಿಯಿತು. ತಾನು ನಿಂತದ್ದು ಎಲ್ಲಿ ಅಂತ ತಿಳಿಯಿತು. ಇಳಿಯೋಣ ಅಂದರೆ ಸೋತ ಹಾಗೆ. ನಿಂತರೂ ಸೋತ ಹಾಗೆ. ಕಾಲಿನಿಂದ ಏನೂ ಸುದ್ದಿ ಬರಲಿಲ್ಲ. ಚಳಿ ಅಂತಾದರೂ ಹೇಳಬಾರದಿತ್ತೇ ಅದು. ಒಂದು ಸಲ ನಡುಗಬಾರದಿತ್ತೇ. ಅವನು ಕೆಳಗೆ ನೋಡಿದ. ಕಾಲು ಸುಮ್ಮನೆ ನಿಂತಿತ್ತು.

ಇಳಿದ.

"ನೀನು ಒತ್ತದಿದ್ರೂ ನನ್ನ ರಿಪೋರ್ಟ್ ಹೋಗುತ್ತೆ" ಅಂದ ಇಂಜಿನಿಯರು. ಇವತ್ತು ಬಹುವಚನ ಇರಲಿಲ್ಲ. "ಸವಾರನ ತಪ್ಪು ಅಂತ. ಒತ್ತಿದ್ರೆ ಗಾಡಿಯಾದ್ರೂ ಸಿಗುತ್ತೆ."

"ಗಾಡಿ ನೀವೇ ಇಟ್ಕೊಳ್ಳಿ" ಅಂದ ಐಸಿನವನು. "ಹೆಬ್ಬೆಟ್ಟು ಕೊಡಲ್ಲ. ನಂದೂ ಕೊಡಲ್ಲ, ಅವಳದೂ ಕೊಡಲ್ಲ."

ಜನ ಕರಗಿದರು. ಫೋನುಗಳು ಜೇಬಿಗೆ ಹೋದವು. ಮ್ಯಾನೇಜರು ಯಾರನ್ನೋ ಕೂಗಿದ. ಹಿಂದಿನ ಬಾಗಿಲಿಂದ ನೆಲ ಒರೆಸುವವಳು ಬಂದಳು. ವಯಸ್ಸಾದವಳು. ಬಕೆಟ್ಟು, ಬಟ್ಟೆ. ಐಸಿನ ನೀರು ಹೊಸ ಗಾಡಿಗಳ ಗಾಲಿಯ ಕೆಳಗೆಲ್ಲ ಹರಿದಿತ್ತು. ಐಸಿಗೆ ಮೆತ್ತಿದ ಮರದ ಹೊಟ್ಟು ಬೆರೆತ ನೀರು. ಗಡ್ಡೆ ಇಳಿಸಿದ ಕಡೆ ನೆಲದ ಒಂದು ಕಲ್ಲು ಬಿರುಕು ಬಿಟ್ಟಿತ್ತು.

"ಒಂದು ಹನಿ ಉಳಿದ್ರೆ ನೋಡು" ಅಂದ ಮ್ಯಾನೇಜರು ಅವಳಿಗೆ.

ಅವಳು ಮಂಡಿ ಊರಿ ಕೂತಳು. ಐಸಿನವನು ಗಡ್ಡೆಯನ್ನು ಬೆನ್ನಿಗೇರಿಸಲು ಬಗ್ಗಿದ. ಇಬ್ಬರ ತಲೆಯೂ ಹತ್ತಿರ ಬಂತು.

"ಸಿಟ್ಟು ತೋರಿಸೋರು ತೋರಿಸಿ ಹೋಗ್ತಾರೆ ಅಣ್ಣಾ" ಅಂದಳು ಅವಳು, ತಲೆ ಎತ್ತದೆ. "ಒರೆಸೋಳು ನಾನು."

ಐಸಿನವನು ಗಡ್ಡೆ ಬಿಟ್ಟ. ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದ. ಅವಳ ಪಕ್ಕ ಮಂಡಿ ಊರಿದ. ಬೇಡ ಅಣ್ಣಾ, ನನ್ನ ಬೈತಾರೆ ಅಂದಳು. ಅವನು ಕೇಳಲಿಲ್ಲ. ಗಾಲಿಗಳ ನಡುವೆ ತೆವಳಿಕೊಂಡು ಒರೆಸಿದ. ಹಿಂಡಿದ. ಒರೆಸಿದ. ಅವನ ಬೆನ್ನಿಂದ ತೊಟ್ಟಿಕ್ಕಿದ ನೀರು ಒರೆಸಿದ ಕಡೆಯಲ್ಲೇ ಮತ್ತೆ ಬಿತ್ತು. ಅದನ್ನೂ ಒರೆಸಿದ. ಕೊಳ್ಳುವವರು ಅವನನ್ನು ದಾಟಿಕೊಂಡು ಹೋದರು. ಮೇಲೆ ಫೋಟೋದಲ್ಲಿ ಅವನು ನಗುತ್ತಿದ್ದ. ಬಿರುಕು ಬಿಟ್ಟ ಕಲ್ಲಿನ ಹತ್ತಿರ ಅವಳು ಸ್ವಲ್ಪ ಹೊತ್ತು ಕೈ ಇಟ್ಟುಕೊಂಡು ಕೂತಳು. ಅದನ್ನು ಯಾರ ಲೆಕ್ಕಕ್ಕೆ ಹಾಕುತ್ತಾರೆ ಅಂತ ಇಬ್ಬರಿಗೂ ಗೊತ್ತಿತ್ತು.

ಉಳಿದ ಐಸನ್ನು ಹೊತ್ತು ಮಾರುಕಟ್ಟೆಗೆ ಹೋದ. ಅದು ಸಣ್ಣದಾಗಿತ್ತು. ಒಡೆಯಲು ಅವಳಿರಲಿಲ್ಲ. ತಾನೇ ಒಡೆದ. ಚೂರುಚೂರಾಯಿತು.

ಸಂಜೆ ಮನೆಗೆ ಬಂದ. ಹೆಂಡತಿ ಕೇಳಲಿಲ್ಲ. ವಿಡಿಯೋ ಮಾರುಕಟ್ಟೆಗೆಲ್ಲ ಬಂದಿತ್ತು. ತಮ್ಮ ತೋರಿಸಿದ್ದ.

"ಕೂತ್ಕೋ" ಅಂದಳು. "ಕಾಲು ಚಾಚು."

"ಯಾಕೆ?"

"ಚಾಚು ಅಂದೆ. ಕಣ್ಣು ಮುಚ್ಚು."

ಅವನಿಗೆ ಬೇಡ ಅನ್ನಬೇಕು ಅನ್ನಿಸಿತು. ಅನ್ನಲಿಲ್ಲ. ಗೋಡೆಗೆ ಒರಗಿ ಕಾಲು ಚಾಚಿದ. ಕಣ್ಣು ಮುಚ್ಚಿದ. ಅವಳಿಗೆ ಉಳಿದದ್ದು ಆ ಹೆಬ್ಬೆರಳು. ಅದರಲ್ಲೇ ಒತ್ತುತ್ತಾಳೆ. ಇದೊಂದು ಸಲ, ಇದೊಂದೇ ಸಲ, ಅಂತ ಕಾಲಿಗೆ ಹೇಳಿದ. ಹೊರಗೆ ಯಾರೋ ಬಿಂದಿಗೆ ಇಳಿಸಿದರು. ಕೋಣೆಯಲ್ಲಿ ಸದ್ದಿಲ್ಲ.

ಕಾದ. ಅಲ್ಲಿ, ಅಂಗಾಲಿನ ನಡುವೆ, ಬೆಚ್ಚಗೆ ಏನೋ ಆಯಿತು. ಆಯಿತು.

"ಗೊತ್ತಾಯ್ತಾ?" ಅಂದಳು.

"ಗೊತ್ತಾಯ್ತು ಕಣೇ!" ಅಂದ. "ನಡುಮಧ್ಯ ಒತ್ತಿದ್ದೀಯ. ಗೊತ್ತಾಯ್ತು!"

ಕಣ್ಣು ಬಿಟ್ಟ. ಅವಳು ಎದುರಿನ ಗೋಡೆಗೆ ಒರಗಿಯೇ ಕೂತಿದ್ದಳು. ಎರಡೂ ಕೈ ಇನ್ನೂ ಮಡಿಲಲ್ಲೇ ಇದ್ದವು.

ಅವಳು ಅವನ ಮುಖ ನೋಡಿದಳು. ಆಮೇಲೆ ಹತ್ತಿರ ಸರಿದು, ಆ ಕಾಲನ್ನು ಎಡಗೈಯಲ್ಲಿ ಎತ್ತಿ ಮಡಿಲಿಗೆ ಹಾಕಿಕೊಂಡಳು.

"ಬ್ರೇಕೇ ಹೋಗಿತ್ತು ಬಿಡು" ಅಂದಳು.

ಆ ಮಾತನ್ನು ಬೇರೆಯವರ ಬಾಯಲ್ಲಿ ಅವನು ಕೇಳಿದ್ದು ಅದೇ ಮೊದಲು. ಅವಳು ಅವನ ಮುಖ ನೋಡದೆ ಹೇಳಿದಳು.